ಹಿಮ್ಮಡಿ ನೋಡುವವರು

ಹಾಸಿಗೆ ಹಿಡಿದವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಹಿಮ್ಮಡಿ. ಮುಖ ಆಮೇಲೆ. ನನ್ನ ಸ್ಕೂಟಿ ಸದ್ದು ಗೇಟಿನ ಹತ್ತಿರ ಕೇಳಿದ ಮೇಲೂ ಮುಖ ಒರೆಸಿ, ತಲೆ ಬಾಚಿ, ಒಗೆದ ಹೊದಿಕೆ ಹೊದಿಸಿ ದಿಂಬಿಗೆ ಒರಗಿಸಿ ಕೂರಿಸಲು ಸಮಯವಿರುತ್ತದೆ. ಹಿಮ್ಮಡಿಯನ್ನು ಅಷ್ಟು ಬೇಗ ಸರಿಮಾಡಲು ಯಾರಿಗೂ ಬರುವುದಿಲ್ಲ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಕ್ಷಣ ಹೊತ್ತು ಬಿಳಿಚಿಕೊಂಡರೆ ಅಲ್ಲಿ ರಕ್ತ ಓಡಾಡುತ್ತಿದೆ. ಒತ್ತಿದರೂ ಬಿಳಿಚದೆ ಕೆಂಪು ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ. ನಮ್ಮಂಥವರ ಕಪ್ಪು ಮೈಯಲ್ಲಿ ಕೆಂಪು ಕಾಣುವುದೇ ಇಲ್ಲ. ಅಂಗೈ ಇಟ್ಟು ನೋಡಬೇಕು, ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯೇ, ಗಟ್ಟಿ ಇದೆಯೇ ಎಂದು. ಹಿಮ್ಮಡಿ ಆದಮೇಲೆ ಮಗ್ಗುಲು ಹೊರಳಿಸಿ ಬೆನ್ನಿನ ತಳ, ಆಮೇಲೆ ಬಾಯಿಯೊಳಗೆ, ಉಗುರು, ಮೂತ್ರದ ಚೀಲ, ಕೊನೆಗೆ ಮಾತ್ರೆ ಡಬ್ಬ. ಇಷ್ಟಾದ ಮೇಲೆ ಕಾಫಿ ಕುಡಿಯುತ್ತ ಮಾತಾಡುತ್ತೇನೆ.

ನನ್ನನ್ನು ಈ ಕೆಲಸಕ್ಕೆ ಯಾರೂ ನೇಮಿಸಿಲ್ಲ. ದೇವರಮನೆ ಬೆಟ್ಟದ ಕೆಳಗಿನ ಊರುಗಳಲ್ಲಿ ಎಎನ್‌ಎಂ ಆಗಿದ್ದು ನಿವೃತ್ತಳಾದವಳು ನಾನು. ಕೊನೆಕೊನೆಗೆ ಸರ್ಕಾರ ನಮ್ಮ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಉದ್ದದ ಹೆಸರು ಕೊಟ್ಟಿತು, ಊರಿನವರಿಗೆ ಮಾತ್ರ ಇಂದಿಗೂ ಸಿಸ್ಟರೇ. ಪೋಲಿಯೋ ಹನಿ, ಬಾಣಂತಿ, ಚುಚ್ಚುಮದ್ದು ಎಂದು ಹತ್ತಿಳಿದ ಗುಡ್ಡಗಳನ್ನೇ ಈಗಲೂ ಹತ್ತುತ್ತೇನೆ, ಕಾರಣ ಬೇರೆ. ಬೆಂಗಳೂರಿನಿಂದಲೋ ದುಬೈಯಿಂದಲೋ ಫೋನ್ ಬರುತ್ತದೆ. "ಸಿಸ್ಟರ್, ಒಂದ್ಸಲ ಅಮ್ಮನ್ನ ನೋಡ್ಕಂಡು ಬರ್ತೀರಾ? ಹೊಸ ಹೋಮ್ ನರ್ಸ್ ಬಂದಿದಾಳೆ. ಹೆಂಗೆ ನೋಡ್ಕೋತಾಳೋ ಏನೋ." ಪೆಟ್ರೋಲಿಗೆ ಅಂತ ಕೊಟ್ಟರೆ ತಗೊಳ್ಳುತ್ತೇನೆ, ಕೊಡದಿದ್ದರೂ ಹೋಗುತ್ತೇನೆ. ಚುಚ್ಚುಮದ್ದಿಗೆ ಅತ್ತ ಮಗು ಇವತ್ತು ಅಮ್ಮನ ಚಿಂತೆಯಲ್ಲಿ ಫೋನ್ ಮಾಡಿದರೆ ಇಲ್ಲ ಎನ್ನುವುದು ಹೇಗೆ?

ಮೂಡಿಗೆರೆ, ಕಳಸದ ಕಡೆ ಇಂಥ ಮನೆಗಳು ಯಾಕೆ ಇಷ್ಟಾದವು ಎಂಬುದಕ್ಕೆ ಜನಗಣತಿಯ ಒಂದು ಅಂಕಿ ಸಾಕು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ರಾಜ್ಯದ ಜನ ಏರುತ್ತಲೇ ಇದ್ದ ಹತ್ತು ವರ್ಷದಲ್ಲಿ ನಮ್ಮ ಜಿಲ್ಲೆ ಇಳಿಯಿತು. ಓದಿದ ಮಕ್ಕಳು ಘಟ್ಟ ಇಳಿದರು, ಕಾಫಿ ದರ ಬಿದ್ದ ವರ್ಷಗಳಲ್ಲಿ ಸಣ್ಣ ಬೆಳೆಗಾರರ ಮಕ್ಕಳೂ ಹಿಂದೆ ಹೋದರು. ತೋಟ ಉಳಿಯಿತು, ತೋಟ ನೋಡಿಕೊಳ್ಳಲು ರೈಟರ್ ಉಳಿದ, ದೊಡ್ಡ ಮನೆಯ ಒಂದು ಕೋಣೆಯಲ್ಲಿ ಅಪ್ಪ ಅಮ್ಮ ಉಳಿದರು. ಎಷ್ಟೋ ಕಡೆ ಮನೆಯ ಮುಂಭಾಗ ಈಗ ಹೋಮ್‌ಸ್ಟೇ. ಶನಿವಾರ ದೇವರಮನೆಯ ಕಾಲಭೈರವೇಶ್ವರನ ಗುಡಿಯವರೆಗೂ ಕಾರು, ಜೀಪುಗಳ ಸಾಲು, ಮಂಜಿನಲ್ಲಿ ಫೋಟೋ ತೆಗೆಸಿಕೊಳ್ಳುವವರ ಗದ್ದಲ. ಜಗಲಿಯಲ್ಲಿ ಕ್ಯಾಂಪ್‌ಫೈರ್ ಉರಿಯುವಾಗ ಹಿಂದಿನ ಕೋಣೆಯಲ್ಲಿ ಎಂಬತ್ತು ದಾಟಿದ ಅಮ್ಮನ ಡಯಾಪರ್ ಬದಲಿಸುತ್ತಿರುತ್ತಾರೆ. ಹೋಮ್‌ಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಬಂದ ಅತಿಥಿ ಬಚ್ಚಲಿನಲ್ಲಿ ಬಿಸಿನೀರು ಬರಲಿಲ್ಲ ಎಂದು ಮೊಬೈಲಿನಲ್ಲಿ ನಕ್ಷತ್ರ ಕಡಿಮೆ ಕೊಡುತ್ತಾನೆ. ಹಿಂದಿನ ಕೋಣೆಯಲ್ಲಿ ಇರುವವರಿಗೆ ನಕ್ಷತ್ರ ಕೊಡುವ ಸೌಲಭ್ಯವಿಲ್ಲ.

ಹೋಮ್ ನರ್ಸ್ ಎಂದರೆ ಯಾರು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು, ಮನೆಯವರು ಎಡವುವುದೇ ಅಲ್ಲಿ. ನರ್ಸ್ ಆಗಲು ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನಾಲ್ಕು ವರ್ಷ ಓದಬೇಕು, ಆಮೇಲೆ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ. ಅವರ ಹತ್ತಿರ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಅವರ ಕೆಳಗೆ ಕೆಲವು ತಿಂಗಳ ತರಬೇತಿ ಪಡೆದ ಆರೈಕೆ ಸಹಾಯಕರಿದ್ದಾರೆ. ಕೌಶಲ ತರಬೇತಿಯ ಯೋಜನೆಗಳಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಮ್ ಹೆಲ್ತ್ ಏಡ್ ಎಂಬ ಕೋರ್ಸುಗಳಿವೆ. ಇವೆರಡೂ ಅಲ್ಲದವರೇ ನಮ್ಮ ಕಡೆ ಹೆಚ್ಚು. ಗಂಡ ತೀರಿಕೊಂಡವರು, ಸಾಲ ತೀರಿಸಬೇಕಾದವರು, ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗಿಯರು. ಮಂಗಳೂರಿನ, ಹಾಸನದ, ಶಿವಮೊಗ್ಗದ ಏಜೆನ್ಸಿಗಳು ಇವರನ್ನು ಬಸ್ಸು ಹತ್ತಿಸಿ ಕಳಿಸುತ್ತವೆ. ಯೂನಿಫಾರಂ ಮೂರು ಬಗೆಯವರಿಗೂ ಒಂದೇ. ಅಡಿಗೆಮನೆಯಲ್ಲಿ ಮುದ್ದೆ ತೊಳಸಿದ ಅನುಭವವಿಲ್ಲದ ಹುಡುಗಿಗೆ ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವ ಕೆಲಸ ಬೀಳುತ್ತದೆ. ಮಲಗಿದ್ದವರಿಗೆ ಮಲಗಿಸಿಯೇ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ತೋಟದ ಗೇಟಿಗೆ ಒಬ್ಬ ಕಾವಲುಗಾರನನ್ನು ಏಜೆನ್ಸಿಯಿಂದ ತರಿಸಬೇಕು ಎಂದುಕೊಳ್ಳಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಇದೆ. ಏಜೆನ್ಸಿ ಲೈಸೆನ್ಸ್ ತೆಗೆದುಕೊಂಡಿರಬೇಕು, ಆಳಿನ ಪೂರ್ವಾಪರವನ್ನು ಪೊಲೀಸರು ಪರಿಶೀಲಿಸಿರಬೇಕು, ಕೇಂದ್ರದ ಮಾದರಿ ನಿಯಮದ ಪ್ರಕಾರ ಆತನಿಗೆ 160 ಗಂಟೆಯ ತರಬೇತಿ ಆಗಿರಬೇಕು. ಅದೇ ಗೇಟು ದಾಟಿ, ಮನೆಯೊಳಗೆ ಹೋಗಿ, ನಿಮ್ಮ ತಾಯಿಯ ಮೈ ತೊಳೆದು, ಮಾತ್ರೆ ನುಂಗಿಸಿ, ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿ ಮಲಗುವ ಆಳನ್ನು ಕಳಿಸುವ ಏಜೆನ್ಸಿಗೆ ಇಂಥದ್ದೊಂದು ಕಾಯ್ದೆಯಿಲ್ಲ. ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಉಂಟು. ಆಳು ಕಳಿಸುವ ಏಜೆನ್ಸಿ ಹೆಚ್ಚೆಂದರೆ ಅಂಗಡಿ, ವಾಣಿಜ್ಯ ಸಂಸ್ಥೆಯ ಲೆಕ್ಕದಲ್ಲಿ ನೋಂದಣಿ ಮಾಡಿಸಿರುತ್ತದೆ. ಬಟ್ಟೆ ಅಂಗಡಿಗೂ ಅದೇ ನೋಂದಣಿ.

ಮಕ್ಕಳು ಇದಕ್ಕೆ ಕಂಡುಕೊಂಡ ಉಪಾಯ ಕ್ಯಾಮೆರಾ. ಮಂಚದ ಎದುರಿನ ಗೋಡೆಗೆ ಒಂದು ಬಿಳಿ ಉಂಡೆ ಕೂರಿಸಿ, ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಾರೆ. ತಪ್ಪೇನಿಲ್ಲ. ಆದರೆ ಅದಕ್ಕೆ ಹೊದಿಕೆಯ ಒಳಗೆ ಕಾಣುವುದಿಲ್ಲ. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲ, ಇನ್ವರ್ಟರ್ ಎರಡನೇ ದಿನಕ್ಕೆ ಸುಮ್ಮನಾಗುತ್ತದೆ, ನೆಟ್‌ವರ್ಕ್ ಬೇಕಾದರೆ ಗುಡ್ಡದ ತಲೆಗೆ ಹೋಗಬೇಕು. ಆರೈಕೆ ಅತಿ ಕಷ್ಟವಾಗುವ ದಿನಗಳಲ್ಲೇ ಕ್ಯಾಮೆರಾ ಕುರುಡು. 2019ರ ಆಗಸ್ಟಿನಲ್ಲಿ ಬಾಳೂರು ಕಡೆ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ, ಚಾರ್ಮಾಡಿ ಘಾಟಿಯೂ ಮುಚ್ಚಿದಾಗ ಮಂಗಳೂರಿನ ದೊಡ್ಡಾಸ್ಪತ್ರೆಗಳ ದಾರಿಯೇ ಇರಲಿಲ್ಲ. ಆಗ ಮನೆಯೊಳಗಿದ್ದ ಆಳಿಗೆ ಏನು ಗೊತ್ತಿತ್ತೋ ಅದೇ ವೈದ್ಯ.

ಒಂದು ಮನೆಯ ಕತೆ ಹೇಳುತ್ತೇನೆ, ಗುರುತು ಬದಲಿಸಿ. ಅಜ್ಜಿಗೆ ಅರಳುಮರಳು. ರಾತ್ರಿಯೆಲ್ಲ ಎದ್ದು ಕಣದಲ್ಲಿ ಕಾಫಿ ನೆನೀತದೆ, ಟಾರ್ಪಾಲ್ ಹಾಕ್ರೋ ಎಂದು ಕೂಗುತ್ತಿದ್ದರು. ಹೊಸ ಹೋಮ್ ನರ್ಸ್ ಬಂದ ಮೇಲೆ ಅಜ್ಜಿ ತಣ್ಣಗಾದರು. ಮಗ ಕ್ಯಾಮೆರಾದಲ್ಲಿ ನೋಡಿ ಖುಷಿಪಟ್ಟ, ಅಮ್ಮ ಚೆನ್ನಾಗಿ ನಿದ್ದೆ ಮಾಡ್ತಿದಾರೆ ಎಂದು. ನಾನು ಹೋದಾಗ ನಾಲಿಗೆ ಒಣಗಿ ಬಿರಿದಿತ್ತು, ಮೂತ್ರದ ಚೀಲದಲ್ಲಿದ್ದದ್ದು ಹಾಲು ಹಾಕದ ಚಹಾದ ಬಣ್ಣ. ನೀರು ಕಡಿಮೆ ಕುಡಿಸಿದರೆ ಬಳಿಯುವ ಕೆಲಸ ಕಡಿಮೆ, ಇದು ಎಲ್ಲ ಕಡೆ ಇರುವ ಉಪಾಯ. ಮಾತ್ರೆ ಡಬ್ಬ ತೆಗೆದು ಚೀಟಿಯ ತಾರೀಖಿನಿಂದ ಎಣಿಸಿದೆ. ನಿದ್ದೆ ಮಾತ್ರೆ ರಾತ್ರಿಗೊಂದು ಎಂದು ಬರೆದಿತ್ತು. ಖಾಲಿಯಾಗಿದ್ದದ್ದು ಅದರ ಎರಡರಷ್ಟು.

ಆ ಹುಡುಗಿಯನ್ನು ಹೊರಗೆ ಕರೆದು ಕೇಳಿದೆ. ಹಾವೇರಿ ಕಡೆಯವಳು. ಬಂದಾಗಿನಿಂದ ಒಂದು ರಾತ್ರಿಯೂ ಪೂರಾ ನಿದ್ದೆ ಮಾಡಿರಲಿಲ್ಲ. ಮನೆಯವರು ಕೊಡುವ ದುಡ್ಡಿನಲ್ಲಿ ಏಜೆನ್ಸಿಯವರು ತಮ್ಮದು ಹಿಡಿದುಕೊಳ್ಳುತ್ತಾರೆ, ಮೊದಲ ತಿಂಗಳದ್ದು ಅವರಲ್ಲೇ ಇದೆ, ಬಿಟ್ಟುಹೋದರೆ ಸಿಗುವುದಿಲ್ಲ. ವಾರದ ರಜೆ ಎಂಬುದೇ ಇಲ್ಲ. ಅಜ್ಜಿಯನ್ನು ನೋಡಿಕೊಂಡು ಸಮಯ ಉಳಿದರೆ ಹೋಮ್‌ಸ್ಟೇ ಕೋಣೆಗಳನ್ನೂ ಗುಡಿಸಬೇಕಿತ್ತು. "ನಾ ಏನ್ ಮಾಡ್ಲಿ ಅಕ್ಕಾ, ಒಂದ್ ತಾಸು ಕಣ್ಣು ಮುಚ್ಚಿದ್ರ ಸಾಕಾಗಿತ್ತು," ಅಂದಳು. ಅವಳು ಮಾಡಿದ್ದು ಸರಿ ಎನ್ನಲಾರೆ, ಅಪಾಯದ ಕೆಲಸ, ಮಗನಿಗೂ ಹಾಗೇ ಹೇಳಿದೆ. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯನ್ನೂ ಒಬ್ಬಳಿಂದ ಕೊಂಡುಕೊಂಡವರು ಯಾರು? ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲೇ. ಅದನ್ನು ತೋಟದ ಮನೆಯೊಳಗೆ ಬಂದು ಕೇಳಿದ ಕಾರ್ಮಿಕ ನಿರೀಕ್ಷಕರನ್ನು ನಾನು ಕಂಡಿಲ್ಲ. ಆಳಿನ ನಿದ್ದೆಯನ್ನು ಯಾರೂ ಲೆಕ್ಕ ಇಡದ ಮನೆಯಲ್ಲಿ ಅಜ್ಜಿಯ ನೀರಿನ ಲೆಕ್ಕವೂ ತಪ್ಪುತ್ತದೆ. ಮೇಲ್ವಿಚಾರಣೆ ಎಂದರೆ ಮಂಚದ ಮೇಲಿರುವವರನ್ನೂ ಮಂಚದ ಪಕ್ಕ ನೆಲದ ಮೇಲೆ ಮಲಗಿರುವವರನ್ನೂ ನೋಡುವುದು.

ಕಾನೂನು ಮಾಡುವವರಿಗೆ ಇದು ಹೊಳೆದೇ ಇರಲಿಲ್ಲ ಎನ್ನುವಂತಿಲ್ಲ. 2007ರಲ್ಲಿ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯ್ದೆ ಬಂತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ, ಅಂದರೆ ನಮಗೆ ಚಿಕ್ಕಮಗಳೂರಿನ ಎಸಿಯವರ ಮುಂದೆ, ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ತೋಟ ದಾನಪತ್ರ ಮಾಡಿಕೊಟ್ಟಿದ್ದು, ಮಗ ಮಾತು ತಪ್ಪಿದರೆ ಪತ್ರವನ್ನೇ ರದ್ದು ಮಾಡಿಸಬಹುದು. (ಆ ಷರತ್ತನ್ನು ಪತ್ರದೊಳಗೇ ಬರೆಸಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ. ಬಾಯಿಮಾತಿನ ಷರತ್ತು ಕೋರ್ಟಿನಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತದೆ.) ಈ ಕಾಯ್ದೆಗೆ ಮಗ ಗೊತ್ತು, ಮಗಳು ಗೊತ್ತು, ಏಜೆನ್ಸಿ ಗೊತ್ತಿಲ್ಲ.

2019ರ ಡಿಸೆಂಬರಿನಲ್ಲಿ ಲೋಕಸಭೆಗೆ ತಂದ ತಿದ್ದುಪಡಿ ಮಸೂದೆಯಲ್ಲಿ ಏಜೆನ್ಸಿಯ ಮಾತು ಬಂತು. ಮನೆಗೆ ಆರೈಕೆ ಸೇವೆ ಕೊಡುವ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಅವುಗಳಿಗೆ ಕನಿಷ್ಠ ಗುಣಮಟ್ಟ ನಿಗದಿಯಾಗಬೇಕು, 10,000ದ ಮಿತಿ ತೆಗೆಯಬೇಕು ಎಂದೆಲ್ಲ ಇತ್ತು. ಸ್ಥಾಯಿ ಸಮಿತಿಗೆ ಹೋಯಿತು, 2021ರ ಜನವರಿಯಲ್ಲಿ ವರದಿ ಬಂತು, ಚರ್ಚೆಗೆ ಬರಲಿಲ್ಲ. 2024ರಲ್ಲಿ ಆ ಲೋಕಸಭೆ ಮುಗಿದಾಗ ಮಸೂದೆಯೂ ಮುಗಿಯಿತು. ಅದೇ ವರ್ಷ ನೀತಿ ಆಯೋಗ ಹಿರಿಯರ ಆರೈಕೆಯ ಸುಧಾರಣೆ ಕುರಿತು ದೊಡ್ಡ ಪತ್ರ ಹೊರಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಎಪ್ಪತ್ತು ತುಂಬಿದ ಎಲ್ಲರಿಗೂ ಆಯುಷ್ಮಾನ್ ಯೋಜನೆಯ 5 ಲಕ್ಷದ ಆಸರೆ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದಾಗಿನ ದುಡ್ಡು. ಹುಣ್ಣು ಕೊಳೆತು ಆಸ್ಪತ್ರೆ ಸೇರಿದರೆ ಖರ್ಚು ಸರ್ಕಾರದ್ದು, ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವವರ ಖರ್ಚು ಮನೆಯವರದ್ದು.

ಹಿರಿಯ ನಾಗರಿಕರ ಕಾಯ್ದೆಯ ಜೊತೆ ಕೇಂದ್ರ ಕೊಟ್ಟ ಮಾದರಿ ನಿಯಮಗಳಲ್ಲಿ ಯಾರೂ ಓದದ ಒಂದು ಭಾಗವಿದೆ. ಪ್ರತಿ ಪೊಲೀಸ್ ಠಾಣೆ ತನ್ನ ಸರಹದ್ದಿನ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಡಬೇಕು. ಠಾಣೆಯವರೊಬ್ಬರು, ಆದಷ್ಟು ಮಟ್ಟಿಗೆ ಒಬ್ಬ ಸಮಾಜಸೇವಕರ ಜೊತೆ, ತಿಂಗಳಿಗೊಮ್ಮೆಯಾದರೂ ಆ ಮನೆಗಳಿಗೆ ಹೋಗಬೇಕು. ಹಿರಿಯರು ಕೇಳಿದರೆ ಮನೆಗೆಲಸದವರ ಪೂರ್ವಾಪರ ಬೇಗ ಪರಿಶೀಲಿಸಿಕೊಡಬೇಕು. ಗೋಣಿಬೀಡು, ಬಾಳೂರು, ಬಣಕಲ್, ಮೂಡಿಗೆರೆ, ಠಾಣೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಬೀಟಿನ ಪೊಲೀಸರಿಗೆ ಯಾವ ತೋಟದಲ್ಲಿ ಎಷ್ಟು ಅಸ್ಸಾಮಿನ ಕಾರ್ಮಿಕರಿದ್ದಾರೆ, ಯಾರ ಮನೆಯಲ್ಲಿ ಕೋವಿ ಇದೆ ಎಂಬುದೆಲ್ಲ ಗೊತ್ತು. ಹಾಸಿಗೆ ಹಿಡಿದವರ ಪಟ್ಟಿಯೂ ಅವರ ಜೇಬಿನಲ್ಲಿರಬಹುದಲ್ಲ? ನಾನು ಹೇಳುವುದು ಹಿಮ್ಮಡಿ ನೋಡಲಿ ಎಂದಲ್ಲ. ಖಾಕಿ ಹಾಕಿದವರೊಬ್ಬರು ತಿಂಗಳಿಗೊಮ್ಮೆ ಜಗಲಿಗೆ ಬಂದು "ಅಜ್ಜಿ, ಊಟ ಆಯ್ತಾ?" ಎಂದು ಕೇಳಿದರೆ ಮನೆಯೊಳಗಿನ ಅರ್ಧ ವಿಷಯ ತಾನಾಗಿ ನೆಟ್ಟಗಾಗುತ್ತದೆ.

ಹೊರಗಿನವರು ಹೇಗೆ ಮಾಡುತ್ತಾರೆ? ಇಂಗ್ಲೆಂಡಿನಲ್ಲಿ 2009ರಿಂದ ಒಂದು ಆಯೋಗವೇ ಇದೆ. ಮನೆಗೆ ಆರೈಕೆಯವರನ್ನು ಕಳಿಸುವ ಸಂಸ್ಥೆಗಳನ್ನು ತಪಾಸಣೆ ಮಾಡಿ, ಅತ್ಯುತ್ತಮದಿಂದ ಕಳಪೆಯವರೆಗೆ ದರ್ಜೆ ಕೊಟ್ಟು, ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಜಪಾನಿನಲ್ಲಿ ನಲವತ್ತು ತುಂಬಿದವರೆಲ್ಲ ಆರೈಕೆ ವಿಮೆ ಕಟ್ಟುತ್ತಾರೆ. 2000ನೇ ಇಸವಿಯಲ್ಲಿ ಶುರುವಾದದ್ದು. ಅಲ್ಲಿ ಆರೈಕೆಯ ಯೋಜನೆ ಬರೆಯುವುದಕ್ಕೆ, ತಿಂಗಳು ತಿಂಗಳು ಮನೆಗೆ ಹೋಗಿ ಅದು ನಡೆಯುತ್ತಿದೆಯೇ ಎಂದು ನೋಡುವುದಕ್ಕೆ ಬೇರೆಯೇ ಒಬ್ಬರು ಇರುತ್ತಾರೆ. ಅವರೆಲ್ಲ ದುಡ್ಡಿನ ದೇಶದವರು ಎನ್ನುವವರಿಗೆ ಕೇರಳ ಹೇಳುತ್ತೇನೆ. 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರು ನೋವು ಶಮನದ ಒಂದು ಸಣ್ಣ ಸೊಸೈಟಿ ಕಟ್ಟಿದರು. ಅದು ಮಲಪ್ಪುರಂನಂಥ ಜಿಲ್ಲೆಗಳಲ್ಲಿ ಊರವರೇ ಚಂದಾ ಎತ್ತಿ ನಡೆಸುವ ಚಳವಳಿಯಾಯಿತು. 2008ರಲ್ಲಿ ರಾಜ್ಯ ಸರ್ಕಾರ ಅದನ್ನು ನೀತಿ ಮಾಡಿತು. ಈಗ ಅಲ್ಲಿನ ಪಂಚಾಯಿತಿಗಳು ತರಬೇತಾದ ನರ್ಸನ್ನು ಜೀಪಿನಲ್ಲಿ ಕೂರಿಸಿ ಹಾಸಿಗೆ ಹಿಡಿದವರ ಮನೆಮನೆಗೆ ಕಳಿಸುತ್ತವೆ, ಜೊತೆಗೆ ಒಬ್ಬ ವಾರ್ಡ್ ಸದಸ್ಯ, ಒಬ್ಬ ಸ್ವಯಂಸೇವಕ. ಕ್ಯಾತಿಟರ್ ಬದಲಿಸುತ್ತಾರೆ, ಹುಣ್ಣು ತೊಳೆಯುತ್ತಾರೆ, ಮನೆಯ ಸೊಸೆಗೆ ತೊಳೆಯುವುದು ಹೇಗೆಂದು ಕಲಿಸುತ್ತಾರೆ. ತಪಾಸಣೆ ಎಂಬ ಬೋರ್ಡು ಹಾಕಿಕೊಳ್ಳದೆ ತಪಾಸಣೆ ನಡೆದುಹೋಗುತ್ತದೆ. ನಮ್ಮ ಬೆಂಗಳೂರಿನಲ್ಲೂ ನೈಟಿಂಗೇಲ್ಸ್ ಟ್ರಸ್ಟ್ ಪೊಲೀಸರ ಜೊತೆಗೂಡಿ ನಡೆಸುವ 1090 ಹಿರಿಯರ ಸಹಾಯವಾಣಿ ಇದೆ, ದೇಶಕ್ಕೆಲ್ಲ 14567 ಇದೆ. ಆದರೆ ಫೋನ್ ಎತ್ತಿ ದೂರು ಹೇಳಲು ಆಗುವವರಿಗೆ ಅಷ್ಟೊಂದು ಅಪಾಯ ಇಲ್ಲ. ಅಪಾಯ ಇರುವುದು ಮಾತು ನಿಂತವರಿಗೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೋಮ್ ನರ್ಸಿಗೆ ತಿಂಗಳಿಗೆ ಇಪ್ಪತ್ತು ಸಾವಿರ ದಾಟಿಸಿ ಕೊಡಬಲ್ಲವರ ಮಾತು. ತೋಟದ ಕೂಲಿಯವರ ಲೈನ್ ಮನೆಗಳಲ್ಲಿದ್ದು ನಲವತ್ತು ವರ್ಷ ಕಾಫಿ ಕೊಯ್ದು ಸೊಂಟ ಬಿದ್ದವರಿಗೆ ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಬರುತ್ತದೆ. ಮಗ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಅಲ್ಲಿ ಪಕ್ಕದ ಲೈನಿನ ಹೆಂಗಸು ನಡುವೆ ಓಡಿಬಂದು ಗಂಜಿ ಕುಡಿಸಿ ಹೋಗುತ್ತಾಳೆ. ವಿಚಿತ್ರವೆಂದರೆ ಅಲ್ಲಿ ನಾನು ಕಂಡ ಹಾಸಿಗೆ ಹುಣ್ಣು ದೊಡ್ಡ ಮನೆಗಳಿಗಿಂತ ಹೆಚ್ಚೇನಿಲ್ಲ. ಬಾಗಿಲು ಯಾವಾಗಲೂ ತೆರೆದಿರುತ್ತದೆ, ಹೋಗುವವರು ಬರುವವರು ಇಣುಕುತ್ತಾರೆ. ಬಡತನ ಒಳ್ಳೆಯದು ಎಂದು ಇದರ ಅರ್ಥ ಮಾಡಬೇಡಿ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಾಣಂತಿಯ ಕಾರ್ಡು, ಬಿಪಿ ಶುಗರ್ ಪಟ್ಟಿ ಇದ್ದ ಹಾಗೆ ಈ ಮುದುಕರ ಹೆಸರೂ ಇರಬೇಕು ಎಂಬುದಷ್ಟೇ ನನ್ನ ಮಾತು.

ಕಾಯ್ದೆ ಬರುವವರೆಗೆ ಮನೆಯವರು ಮಾಡಬಹುದಾದದ್ದು ಏನು ಎಂದು ಕೇಳುತ್ತಾರೆ. ಮೊದಲಿಗೆ, ಎರಡು ರೂಪಾಯಿ ಪೆನ್ನು, ಒಂದು ನೂರು ಪುಟದ ನೋಟ್‌ಬುಕ್ಕು. ಮಂಚದ ಹತ್ತಿರದ ಮೊಳೆಗೆ ದಾರ ಕಟ್ಟಿ ತೂಗುಹಾಕಿ. ಎಷ್ಟು ಗಂಟೆಗೆ ಮಗ್ಗುಲು ಬದಲಿಸಿದ್ದು, ಯಾವ ಕಡೆಗೆ, ಎಷ್ಟು ಲೋಟ ನೀರು, ಮೂತ್ರ ಎಷ್ಟು, ಮಲ ಆಯಿತೇ, ಯಾವ ಮಾತ್ರೆ. ಬರೆಯಲು ಬಾರದವರಿಗೆ ಗೆರೆ ಎಳೆಯಲು ಹೇಳಿ. ಆಳು ಬರುವ ಮೊದಲೇ ನರ್ಸೋ ಸಹಾಯಕಿಯೋ ಎಂದು ಏಜೆನ್ಸಿಯಿಂದ ಬರವಣಿಗೆಯಲ್ಲಿ ಕೇಳಿ. ನರ್ಸ್ ಎಂದರೆ ನೋಂದಣಿ ಸಂಖ್ಯೆ ತರಿಸಿಕೊಳ್ಳಿ, ಅಲ್ಲ ಎಂದರೆ ನಳಿಕೆ, ಸೂಜಿ ಅವರ ಕೈಗೆ ಕೊಡಬೇಡಿ. ಠಾಣೆಯಲ್ಲಿ ಪರಿಶೀಲನೆಗೆ ಅರ್ಜಿ ಕೊಡಿ. ವಾರಕ್ಕೊಂದು ದಿನ ರಜೆ ಕೊಡಿ, ಆ ದಿನಕ್ಕೆ ಬದಲಿ ಯಾರು ಎಂದು ಮೊದಲೇ ಗೊತ್ತುಮಾಡಿ. ಸಂಬಳ ಅವಳ ಖಾತೆಗೇ ಹಾಕಿ, ಕಮಿಷನ್ನು ಬೇರೆ ಕೊಡಿ. ಮತ್ತೆ, ಹೇಳದೆ ಬನ್ನಿ. ಮಕ್ಕಳು ಹಬ್ಬಕ್ಕೆ ಬರುವುದು ಎಲ್ಲರಿಗೂ ಗೊತ್ತಿರುತ್ತದೆ, ಅವತ್ತು ಮನೆಯೂ ಅಮ್ಮನೂ ಥಳಥಳ. ಸುಮ್ಮನೆ ಒಂದು ಮಂಗಳವಾರ ಬನ್ನಿ. ಬರಲಾಗದಿದ್ದರೆ ಊರಿನಲ್ಲೇ ಒಬ್ಬರನ್ನು ಗೊತ್ತುಮಾಡಿ, ಆ ಅಧಿಕಾರ ಅವರಿಗಿದೆ ಎಂದು ಹೋಮ್ ನರ್ಸಿನ ಎದುರೇ ಹೇಳಿ.

ಹೀಗೆ ಒಬ್ಬೊಬ್ಬರೂ ಒಬ್ಬೊಬ್ಬರನ್ನು ಗೊತ್ತುಮಾಡುವ ಬದಲು ಪಂಚಾಯಿತಿಯೇ ಗೊತ್ತುಮಾಡಲಿ ಎಂದು ನಾವು ಕೆಲವರು ಅರ್ಜಿ ಬರೆದೆವು. ಹಾಸಿಗೆ ಹಿಡಿದವರ ಒಂದು ಪಟ್ಟಿ, ತಿಂಗಳಿಗೊಮ್ಮೆ ಒಬ್ಬ ನರ್ಸ್, ಓಡಾಡಲು ಬಾಡಿಗೆ ಜೀಪು. ಇಷ್ಟೇ. ಪಿಡಿಒ ಓದಿ, ಕನ್ನಡಕ ತೆಗೆದು, "ಒಳ್ಳೇದು ಸಿಸ್ಟರ್. ಆದ್ರೆ ಇದನ್ನ ಯಾವ ಹೆಡ್ಡಲ್ಲಿ ಹಾಕೋದು?" ಎಂದು ಕೇಳಿದರು. ಅಂಗವಿಕಲರಿಗೆ ಎಂದು ಪಂಚಾಯಿತಿಯ ಸ್ವಂತ ಆದಾಯದಲ್ಲಿ ಮೀಸಲಿಡುವ ಶೇಕಡಾ 5ರಲ್ಲಿ ಹಾಕಿ ಎಂದೆ. ಎದ್ದು ನಡೆಯಲಾಗದವರು ಅಂಗವಿಕಲರಲ್ಲದೆ ಮತ್ತೇನು, ಪಟ್ಟಿ ಮಾಡಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಿಮ್ಮ ಆಫೀಸಿನಲ್ಲೇ ಇದ್ದಾರಲ್ಲ ಎಂದೆ. ಅವರು ಪಕ್ಕದವರ ಮುಖ ನೋಡಿದರು, ಅರ್ಜಿಯ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ಕೊಯ್ಲಿನಲ್ಲಿ ಯಾರೂ ಬರುವುದಿಲ್ಲವಾದ್ದರಿಂದ ಗ್ರಾಮಸಭೆ ಕಾಫಿ ಕೊಯ್ಲು ಮುಗಿದ ಮೇಲೆ. ವಿಷಯಪಟ್ಟಿ ನೋಡಿದ್ದೇನೆ. ಆನೆ ಕಂದಕ, ರಸ್ತೆ, ಕುಡಿಯುವ ನೀರು, ದೇವರಮನೆಗೆ ಬರುವ ಪ್ರವಾಸಿಗರ ಕಸ, ಬೀದಿದೀಪ, ಸ್ಮಶಾನದ ಜಾಗ. ನಮ್ಮದು ಏಳನೆಯದು.